‘ಸ್ವಲ್ಪ ಅಡ್ಜಸ್ಟ್ ಮಾಡಿ’: ಔದಾರ್ಯವೋ, ಅನ್ಯಾಯವೋ?

ನಮ್ಮ ನಾಡಿನಲ್ಲಿ ಮನೆಮಾತಾಗಿರುವ ಇಂಗ್ಲಿಷ್ ಪದಗಳಲ್ಲಿ ‘ಅಡ್ಜಸ್ಟ್’ ಒಂದು. ಬಸ್ಸಿನಲ್ಲಿ ಇಬ್ಬರ ಸೀಟಿಗೆ ಮೂರನೆಯವರು ಬಂದರೂ, ಅಂಗಡಿಯಲ್ಲಿ ಚಿಲ್ಲರೆ ಇಲ್ಲದಿದ್ದರೂ, ಮದುವೆ ಮನೆಯಲ್ಲಿ ನೆಂಟರು ಹೆಚ್ಚಾದರೂ ನಾವು ಹೇಳುವುದು ಒಂದೇ ಮಾತು: “ಸ್ವಲ್ಪ ಅಡ್ಜಸ್ಟ್ ಮಾಡಿ.” ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದ ಈ ಪದದ ಲ್ಯಾಟಿನ್ ಮೂಲಕ್ಕೆ ‘ಹತ್ತಿರಕ್ಕೆ ತರು’ ಎಂಬ ಅರ್ಥವಿದೆ. ‘ನ್ಯಾಯಯುತ’ ಎಂಬರ್ಥದ ಇನ್ನೊಂದು ಲ್ಯಾಟಿನ್ ಪದದ ಪ್ರಭಾವವೂ ಮುಂದೆ ಅದರ ಮೇಲಾಯಿತು. ಸಾಮೀಪ್ಯ ಮತ್ತು ನ್ಯಾಯ ಜೊತೆಗಿದ್ದಾಗ ಮಾತ್ರ ಈ ಪದ ಶೋಭಿಸುತ್ತದೆ.

ಸಭೆಗಳಲ್ಲಿ ಸ್ಥಳಾವಕಾಶ ಮಾಡಿಕೊಡಲು ಹೇಳಿದಾಗ ಮಾಡಿಕೊಡಬೇಕು, ಹಾಗೆ ಮಾಡಿದವರಿಗೆ ಅಲ್ಲಾಹನು ವಿಶಾಲತೆಯನ್ನು ಕರುಣಿಸುವನು ಎಂದು ಪವಿತ್ರ ಕುರ್‌ಆನ್ ಬೋಧಿಸುತ್ತದೆ (ಅಲ್ ಮುಜಾದಲ: 11). ಜುಮಾ ದಿನ ಮಸೀದಿಗೆ ಬಂದವರಿಗೆ ಸರಿದು ಕುಳಿತು ಜಾಗ ಕೊಡುವುದೂ ಈ ಬೋಧನೆಯ ಪಾಲನೆಯೇ.

ಆದರೆ ಆಸ್ತಿ ಹಂಚಿಕೆಯ ಹೊತ್ತಿಗೆ ಇದೇ ಪದ ಬೇರೆಯೇ ರೂಪ ತಾಳುತ್ತದೆ. “ನಿನ್ನ ಮದುವೆಗೆ ಅಷ್ಟೆಲ್ಲ ಖರ್ಚಾಗಿದೆ ಮಗಳೇ, ಸ್ವಲ್ಪ ಅಡ್ಜಸ್ಟ್ ಮಾಡು” ಎಂದು ಹಿರಿಯರು ಹೇಳುತ್ತಾರೆ. ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಆಕೆ ಮೌನವಾಗಿ ಸಹಿ ಹಾಕುತ್ತಾಳೆ. ಆ ಮೌನವನ್ನು ನಾವು ಸಮ್ಮತಿಯೆಂದು ಕರೆಯುತ್ತೇವೆ. ಹೆತ್ತವರೂ ಬಂಧುಗಳೂ ಬಿಟ್ಟುಹೋದ ಸೊತ್ತು ಅಲ್ಪವಿರಲಿ, ಅಧಿಕವಿರಲಿ, ಅದರಲ್ಲಿ ಸ್ತ್ರೀಯರಿಗೂ ಪಾಲು ಕಡ್ಡಾಯವೆಂದು ಅನ್ನಿಸಾ ಅಧ್ಯಾಯದ 7ನೇ ಸೂಕ್ತ ಸಾರುತ್ತದೆ. ಅಲ್ಲಾಹನು ನಿಶ್ಚಯಿಸಿದ ಪಾಲನ್ನು ‘ಅಡ್ಜಸ್ಟ್’ ಮಾಡಲು ನಾವು ಯಾರು? ಪಾಲು ಕೈಸೇರಿದ ಬಳಿಕ ಆಕೆ ಮನಃಪೂರ್ವಕವಾಗಿ ಕೊಟ್ಟರೆ ಅದು ಉಡುಗೊರೆ. ದಾಕ್ಷಿಣ್ಯಕ್ಕೆ ಸಿಲುಕಿಸಿ ಪಡೆದರೆ ಅದು ಕಬಳಿಕೆ.

ಹಿಜ್‌ರತ್‌ನ ಬಳಿಕ ಪ್ರವಾದಿ(ಸ)ರವರು ಮದೀನಾದಲ್ಲಿ ಸಅದ್ ಬಿನ್ ರಬೀಅ್(ರ) ಮತ್ತು ಅಬ್ದುರ್ರಹ್ಮಾನ್ ಬಿನ್ ಔಫ್(ರ)ರ ನಡುವೆ ಸಹೋದರತೆಯನ್ನು ಏರ್ಪಡಿಸಿದರು. ಸಅದ್(ರ) ತಮ್ಮ ಸಂಪತ್ತಿನ ಅರ್ಧವನ್ನೇ ಕೊಡಲು ಮುಂದಾದರು. ಅಬ್ದುರ್ರಹ್ಮಾನ್(ರ) ಅವರಿಗಾಗಿ ಪ್ರಾರ್ಥಿಸಿ, ಮಾರುಕಟ್ಟೆಯ ದಾರಿಯನ್ನಷ್ಟೇ ಕೇಳಿದರು. ಒಬ್ಬರು ತಮ್ಮದನ್ನು ಕೊಡಲು ಸಿದ್ಧರಾದರು, ಇನ್ನೊಬ್ಬರು ಪರರದ್ದಕ್ಕೆ ಆಸೆಪಡಲಿಲ್ಲ. ಇದುವೇ ನಿಜವಾದ ಹೊಂದಾಣಿಕೆ.

ಆದ್ದರಿಂದ ಈ ಪದವನ್ನು ಉಚ್ಚರಿಸುವ ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳೋಣ: ಬಿಟ್ಟುಕೊಡುತ್ತಿರುವುದು ನಮ್ಮ ಸೌಕರ್ಯವನ್ನೋ, ಇನ್ನೊಬ್ಬರ ಹಕ್ಕನ್ನೋ? ಪ್ರತಿಸಲವೂ ದುರ್ಬಲರೇ ಸರಿದು ಕೂರಬೇಕಾದ ಮನೆಯಲ್ಲಿ ಬರಕತ್ ನೆಲೆಸುವುದಾದರೂ ಹೇಗೆ? ಹಕ್ಕುದಾರರಿಗೆ ಅವರ ಹಕ್ಕನ್ನು ಸಲ್ಲಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.