ಗವಿಯೊಳಗಿನ ಮಳೆ ಲೆಕ್ಕ

ಹರಿಹರ



ನಿಮ್ಮ ಕಾಗದ ತಲುಪಿತು. ಮಳೆಮಾಪಕವೇ ಇಲ್ಲದ ಕಾಲದ ಮಳೆಯ ಬಗ್ಗೆ ವಿಜ್ಞಾನಿಗಳು ಅಷ್ಟು ಧೈರ್ಯದಿಂದ ಹೇಗೆ ಮಾತಾಡುತ್ತಾರೆ ಎಂದು ಕೇಳಿದ್ದೀರಿ. ದಾವಣಗೆರೆಯವರು ಕೇಳಬೇಕಾದ ಪ್ರಶ್ನೆಯೇ. ಭದ್ರಾ ನಾಲೆಗೆ ನೀರು ಯಾವಾಗ ಬಿಡುತ್ತಾರೆ ಎನ್ನುವುದರ ಮೇಲೆ ನಿಮ್ಮ ಕಡೆಯ ಭತ್ತ, ಮದುವೆ, ಸಾಲ ಎಲ್ಲವೂ ನಿಂತಿರುತ್ತವಲ್ಲ!

ನಮ್ಮ ಹರಿಹರೇಶ್ವರ ಗುಡಿಯನ್ನು ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು 1224ರಲ್ಲಿ. ಅಲ್ಲಿನ ಶಾಸನಗಳನ್ನು ನೀವೂ ನೋಡಿದ್ದೀರಿ. ಯಾರು ಯಾರಿಗೆ ಭೂಮಿ ಬಿಟ್ಟರು ಎಂಬುದು ಅಂಥ ಕಲ್ಲುಗಳಲ್ಲಿ ಸಿಗುತ್ತದೆ. ಆ ವರ್ಷ ಆ ಭೂಮಿಗೆ ಮಳೆ ಬಿತ್ತೇ ಎಂಬುದು ದಾನಶಾಸನಕ್ಕೆ ಬೇಡದ ಮಾತು.

ಅಷ್ಟು ಹಿಂದಿನದಲ್ಲದಿದ್ದರೂ, ಮಳೆಯ ಲೆಕ್ಕವನ್ನು ಬೇರೊಂದು ಕಲ್ಲು ಬರೆದುಕೊಂಡಿತ್ತು. ಉತ್ತರ ಕನ್ನಡ ಜಿಲ್ಲೆಯ ಅಕಲಗವಿಯಲ್ಲಿ ನೆಲದಿಂದ ಮೇಲಕ್ಕೆ ಬೆಳೆದಿದ್ದ ಸುಣ್ಣದ ಕಂಬ ಅದು. ಭೂವಿಜ್ಞಾನಿಗಳ ಬಾಯಲ್ಲಿ ಸ್ಟ್ಯಾಲಗ್ಮೈಟ್. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಎಂ.ಜಿ. ಯಾದವ, ಆರ್. ರಮೇಶ್ ಅವರು ಹವಾಮಾನ ವಿಜ್ಞಾನಿ ಜಿ.ಬಿ. ಪಂತ್ ಜೊತೆ ಸೇರಿ ಅದರ ಪದರಗಳನ್ನು ಓದಿ, 2004ರಲ್ಲಿ ಪ್ರಕಟಿಸಿದರು. ವರ್ಷಕ್ಕೊಂದು ಪದರ, ಒಟ್ಟು 331 ವರ್ಷ.

ಈ ಕಂಬ ಬೆಳೆಯುವ ಬಗೆ ಸರಳ. ಮಳೆನೀರು ಕಾಡಿನ ಮಣ್ಣಿನಲ್ಲಿ ಇಳಿಯುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡ್ ಕೂಡಿಕೊಂಡು ಸ್ವಲ್ಪ ಹುಳಿಯಾಗುತ್ತದೆ, ಸುಣ್ಣಕಲ್ಲನ್ನು ಕರಗಿಸುತ್ತದೆ. ಗವಿಯ ಗಾಳಿ ಸೋಕಿದಾಗ ಅನಿಲ ಹಾರಿಹೋಗಿ, ತೊಟ್ಟಿಕ್ಕಿದಲ್ಲಿ ಸುಣ್ಣ ಉಳಿಯುತ್ತದೆ. ದಾಂಡೇಲಿ ಬಳಿಯ ಕವಳಾ ಗುಹೆಯಲ್ಲಿ ಶಿವರಾತ್ರಿಗೆ ಪೂಜೆಗೊಳ್ಳುವ ಲಿಂಗವೂ ಹೀಗೆಯೇ ಮೂಡಿದ್ದು.

ಮಳೆಯ ಗುರುತು ಇರುವುದು ಆ ಸುಣ್ಣದ ಆಮ್ಲಜನಕದಲ್ಲಿ. ಆಮ್ಲಜನಕದಲ್ಲಿ 16 ತೂಕದ್ದೇ ಬಹುಪಾಲು, 18ರದ್ದು ಚೂರುಪಾರು. ಎಪಿಎಂಸಿ ಹಮಾಲರು ಭಾರದ ಮೂಟೆಯನ್ನು ಮೊದಲು ಇಳಿಸುವಂತೆ ಮೋಡವೂ ಭಾರದ್ದನ್ನೇ ಮೊದಲು ಕೆಳಗಿಳಿಸುತ್ತದೆ. ಮಳೆ ಜೋರಾಗಿ ಸುರಿಯುತ್ತಲೇ ಹೋದರೆ ಒಟ್ಟು ನೀರಿನಲ್ಲಿ 18ರ ಪಾಲು ತಗ್ಗುತ್ತದೆ. ಹಲ್ಲಿನ ಡಾಕ್ಟರ ಸಣ್ಣ ಡ್ರಿಲ್ಲಿನಿಂದ ಪದರ ಪದರವಾಗಿ ಪುಡಿ ಕೆರೆದು, ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಟ್ಟರೆ ಆ ಪಾಲು ತಿಳಿಯುತ್ತದೆ.

ಆದರೆ ನಮ್ಮ ಕಡೆಯ ರೈತ ಮಳೆಯನ್ನು ವರ್ಷದ ಲೆಕ್ಕದಲ್ಲಿ ನೋಡುವವನೇ ಅಲ್ಲ. ಮೃಗಶಿರ ಹೇಗೆ, ಆರಿದ್ರಾ ಕೈಕೊಟ್ಟಿತೇ, ಹಸ್ತ ಚಿತ್ತೆ ಕೈಹಿಡಿದವೇ ಎಂದು ಕೇಳುತ್ತಾನೆ. ಒಟ್ಟು ಮಳೆ ವಾಡಿಕೆಯಷ್ಟೇ ಬಿದ್ದೂ ಬೆಳೆ ಹೋಗಬಹುದು. ನಿಜವಾದ ತೊಡಕು ಇಲ್ಲಿದೆ. ದಕ್ಷಿಣ ಭಾರತದಲ್ಲಿ ಬಂಗಾಳಕೊಲ್ಲಿಯ ಕಡೆಯಿಂದ ಬರುವ ಹಿಂಗಾರಿನ ನೀರಿನಲ್ಲಿ 18ರ ಪಾಲು ಮುಂಗಾರಿಗಿಂತ ಕಡಿಮೆ. ಹಾಗಾದರೆ ಒಂದು ಪದರದಲ್ಲಿ ಆ ಪಾಲು ತಗ್ಗಿದ್ದರೆ, ಮುಂಗಾರು ಜೋರಾಗಿತ್ತೋ ಹಿಂಗಾರು ಹೆಚ್ಚಿತ್ತೋ? ಎರಡೂ ಬೀಳುವ ನಮ್ಮಂಥ ಬಯಲಿನಲ್ಲಿ ಗವಿಯಿದ್ದಿದ್ದರೆ ಅದರ ಲೆಕ್ಕ ಬಿಡಿಸುವುದು ಕಷ್ಟವಾಗುತ್ತಿತ್ತು. ಅಕಲಗವಿಯಿರುವ ಘಟ್ಟದಲ್ಲಿ ಮುಂಗಾರಿನದೇ ಕಾರುಬಾರು, ಲೆಕ್ಕ ಅಷ್ಟು ಗೋಜಲಲ್ಲ.

ಈಚೆಗೆ ಒಂದೇ ವರ್ಷದ ಪದರದೊಳಗೆ ಋತುಗಳನ್ನು ಹುಡುಕುವ ಕೆಲಸ ನಡೆದಿದೆ. ಲೇಸರ್ ಕಿರಣ ಮಿಲಿಮೀಟರಿನ ನೂರರ ಕೆಲವು ಭಾಗದಷ್ಟು ಜಾಗವನ್ನೂ ಓದಬಲ್ಲದು. ಬೇಸಗೆಯಲ್ಲಿ ನೀರು ಬಂಡೆಯ ಬಿರುಕುಗಳಲ್ಲಿ ನಿಧಾನವಾಗಿ ಇಳಿಯುತ್ತದೆ. ಒಂದಷ್ಟು ಸುಣ್ಣವನ್ನು ದಾರಿಯಲ್ಲೇ ಬಿಟ್ಟುಬರುವುದರಿಂದ ಉಳಿದ ಹನಿಯಲ್ಲಿ ಕ್ಯಾಲ್ಸಿಯಂಗೆ ಹೋಲಿಸಿದರೆ ಮೆಗ್ನೀಸಿಯಂ ಏರುತ್ತದೆ. ಹಾಗಾಗಿ ಮೆಗ್ನೀಸಿಯಂ ಏರಿದಲ್ಲಿ ಒಣ ತಿಂಗಳು, ಇಳಿದಲ್ಲಿ ಮಳೆಗಾಲ. ಎಲ್ಲ ಗವಿಗಳಲ್ಲೂ ಇದು ನಡೆಯದು. ಮೇಲಿನ ಬಂಡೆ ದಪ್ಪಗಿದ್ದರೆ ವರ್ಷಗಳ ನೀರು ಬೆರೆತು ಋತುವಿನ ಗುರುತೇ ಅಳಿಸಿಹೋಗುತ್ತದೆ. ಗವಿ ಆರಿಸುವುದೇ ಅರ್ಧ ವಿಜ್ಞಾನ ಎಂದು ನನ್ನ ಎಣಿಕೆ.

ಘಟ್ಟದ ಲೆಕ್ಕ ಕಟ್ಟಿಕೊಂಡು ನಮಗೇನು ಎನ್ನಬೇಡಿ. ದಾವಣಗೆರೆಯಲ್ಲಿ ವರ್ಷಕ್ಕೆ ಬೀಳುವುದು 650 ಮಿಲಿಮೀಟರ್ ಆಸುಪಾಸು. ನಿಮ್ಮ ನಾಲೆಯ ನೀರು, ನಮ್ಮ ಹೊಳೆಯ ನೀರು ಬರುವುದು ಘಟ್ಟದ ಗಂಗಾಮೂಲದ ಕಡೆಯಿಂದ. ಅಕಲಗವಿ ಅಲ್ಲಿಂದ ಬಹಳ ಉತ್ತರಕ್ಕಿದ್ದರೂ ಅದೇ ಘಟ್ಟ, ಅದೇ ಮುಂಗಾರು. ಅದು ನಿಮ್ಮ ಹೊಲದ ಮಳೆ ಹೇಳಲಾರದು, ಹೊಳೆಗೆ ನೀರು ತರುವ ಮುಂಗಾರು ಹೇಗಿತ್ತೆಂದು ಹೇಳಬಲ್ಲದು. ಪತ್ರಿಕೆಗಳು ಎರಡನ್ನೂ ಒಂದೇ ಮಾಡಿ ಬರೆಯುವುದು ನನಗೆ ಹಿಡಿಸದು.

ಧಾತು, ಈಶ್ವರ ಸಂವತ್ಸರಗಳ ಬರದ ಕಥೆ ಹಿರಿಯರಿಂದ ಕೇಳಿರುತ್ತೀರಿ. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸೀಮೆಯ ಜನ 1881ಕ್ಕೆ 42 ಲಕ್ಷದ ಹತ್ತಿರಕ್ಕೆ ಇಳಿದಿದ್ದರು. ಇದಕ್ಕೆ ಸರ್ಕಾರಿ ಕಾಗದವಿದೆ. 1396ರಲ್ಲಿ ಶುರುವಾದ ದಖ್ಖನಿನ ದುರ್ಗಾದೇವಿ ಬರಕ್ಕೆ ಅಂಥ ಗಣತಿಯಿಲ್ಲ. ಅಂಥ ಕಾಲಕ್ಕೆ ಗವಿಯ ಕಲ್ಲೇ ಸಾಕ್ಷಿ: ಛತ್ತೀಸಗಢದ ದಂಡಕ ಗುಹೆಯ ಸ್ಟ್ಯಾಲಗ್ಮೈಟ್ ಹದಿನಾಲ್ಕನೆಯ ಶತಮಾನದಲ್ಲಿ ಮಳೆ ದೀರ್ಘಕಾಲ ಸೊರಗಿತ್ತೆಂದು ತೋರಿಸಿದೆ. ಆ ಅಧ್ಯಯನ ಬಂದದ್ದು 2007ರಲ್ಲಿ.

ಈ ಸಲ ಶಿವರಾತ್ರಿಗೆ ಕವಳಾ ಕಡೆ ಹೊರಟರೆ ಮಕ್ಕಳಿಗೊಂದು ಮಾತು ಹೇಳಿ. ಸುಣ್ಣದ ಕಂಬ ಮುರಿದು ಮನೆಗೆ ತರುವುದು ಬೇಡ, ಕೈಯಿಂದ ಸವರುವುದೂ ಬೇಡ. ಚರ್ಮದ ಎಣ್ಣೆ ಅಂಟಿದಲ್ಲಿ ಹೊಸ ಸುಣ್ಣ ಸರಿಯಾಗಿ ಕೂರುವುದಿಲ್ಲ. ವರ್ಷಕ್ಕೆ ಒಂದು ಮಿಲಿಮೀಟರೂ ಬೆಳೆಯದ ಕಲ್ಲು ಅದು.

ಇಂತಿ ನಿಮ್ಮ ಗೆಳೆಯ