ಬಂಡೆ ಹತ್ತೋದು

ಬಂಡೆ ಮೇಲೆ ಸಾಲಾಗಿ ಗುಳಿ ಕೊರೆದು, ಬೆಣೆ ಇಟ್ಟು, ಈ ತುದಿಯಿಂದ ಆ ತುದಿಗೆ ಸುತ್ತಿಗೆ ಏಟು ಹಾಕುತ್ತ ಹೋದರೆ ಕಲ್ಲು ಗೆರೆ ಎಳೆದಂಗೆ ಸೀಳುತ್ತದೆ. ಕ್ವಾರಿಯಲ್ಲಿ ನಮ್ಮಪ್ಪ ಮಾಡಿದ್ದು ಇದೇ ಕೆಲಸ. ಬರಿಗಾಲು, ತಲೆಗೊಂದು ಟವೆಲ್ಲು. ಕಲ್ಲಿನ ಧೂಳು ಎದೆಯಲ್ಲಿ ಕೂತರೆ ಡಾಕ್ಟರು ಸಿಲಿಕೋಸಿಸ್ ಅನ್ನುತ್ತಾರೆ. ಕೇರಿಯಲ್ಲಿ ಅದು ಬರೀ ಕೆಮ್ಮು. ಅಪ್ಪ 42ಕ್ಕೇ ಹೋದ.

ಹೋದ ದಸರಾ ರಜೆಯಲ್ಲಿ ಅವ್ವ, ಹೆಂಡತಿ, ಮಗಳನ್ನು ಕರಕೊಂಡು ರಾಮನಗರದ ಬೆಟ್ಟಗಳಿಗೆ ಹೋಗಿದ್ದೆ. 1975ರ 'ಶೋಲೆ' ಸಿನಿಮಾದಲ್ಲಿ ನೀವೂ ನೋಡಿರುತ್ತೀರಿ ಈ ಬೆಟ್ಟಗಳನ್ನ. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. (ಹದ್ದಿಗೂ ಒಂದು ಬೆಟ್ಟ ಬರಕೊಟ್ಟಿದ್ದಾರೆ, ಒಳ್ಳೇದೇ.) ನಾವು ಹೋದದ್ದು ಬೇರೊಂದು ಬಂಡೆಗೆ. ಮಗಳ ಸೊಂಟಕ್ಕೆ ಪಟ್ಟಿ ಬಿಗಿದು, ತಲೆಗೆ ಹೆಲ್ಮೆಟ್ ಹಾಕಿ, ಹಗ್ಗ ಹಿಡಿದು ಹುಡುಗನೊಬ್ಬ ಕೆಳಗೆ ನಿಂತ. ಎರಡು ಸಲ ಜಾರಿದಳು. ಎರಡು ಸಲವೂ ಹಗ್ಗ ತಡೀತು. ಗಾಳಿಯಲ್ಲಿ ತೂಗಾಡುತ್ತ ನಕ್ಕಳು.

"ಇದಕ್ಕೆ ದುಡ್ಡೆಷ್ಟ್ಲಾ?" ಅಂದಳು ಅವ್ವ. ಹೇಳಿದೆ.

"ನಿಮ್ಮಪ್ಪಂಗೆ ಹತ್ತಕ್ಕೆ ಕೂಲಿ ಕೊಡೋರು. ಹಗ್ಗ ಕೊಡ್ತಿರಲಿಲ್ಲ."

ನನಗೆ ಆ ಹಗ್ಗದ ಮೇಲೆ ಸಿಟ್ಟಿಲ್ಲ. ನಮ್ಮ ಮಕ್ಕಳಿಗೂ ಅದು ಬೇಕು. ಬಂಡೆ ಹತ್ತುವ ಖುಷಿ ಯಾರಪ್ಪನ ಆಸ್ತಿಯೂ ಅಲ್ಲ. ಮುಂದಿನ ರಜೆಗೆ ಕೇರಿಯ ನಾಲ್ಕು ಮಕ್ಕಳನ್ನ ಕರಕೊಂಡು ಹೋಗಬೇಕು. ಬಾಡಿಗೆ ವಿಚಾರಿಸಿ ಬಂದಿದ್ದೇನೆ.