ಲಾಘವ

ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಮೂವತ್ತು ವರ್ಷ ಉಪಾಧ್ಯಾಯನಾಗಿದ್ದವನು ಈ ವಯಸ್ಸಿನಲ್ಲಿ ಜಗಲಿಯ ಮೇಲೆ ಕುಳಿತು ಮರದ ಕಡ್ಡಿಗಳಿಂದ ವಿಮಾನವನ್ನು ಕಟ್ಟುತ್ತಿರುವನೆಂದರೆ ನಗುವವರು ನಗಲಿ. ಅರ್ಧಮಾತ್ರೆಯ ಉಳಿತಾಯವಾದರೂ ವೈಯಾಕರಣರಿಗೆ ಹಬ್ಬವೆಂಬುದನ್ನು ವಾಚಕರು ಬಲ್ಲರಷ್ಟೆ. ಆ ಲಾಘವದ ಆಸೆಯೇ ಈ ಕೆಲಸದಲ್ಲಿಯೂ ಇರುವುದು; ಮಾತ್ರೆಯ ಬದಲು ಇಲ್ಲಿ ಗ್ರಾಂ.

ಬಾಲ್ಸಾ ಎಂಬುದು ಅಮೆರಿಕದ ಉಷ್ಣಪ್ರದೇಶಗಳ ಮರ. ಈಕ್ವೆಡಾರ್ ದೇಶದಿಂದಲೇ ಹೆಚ್ಚಾಗಿ ಬರುವುದು. ಸ್ಪ್ಯಾನಿಷ್ ಭಾಷೆಯಲ್ಲಿ ಆ ಶಬ್ದಕ್ಕೆ ತೆಪ್ಪವೆಂದು ಅರ್ಥ. ಒಂದು ಘನಮೀಟರು ಬಾಲ್ಸಾ ಸುಮಾರು 160 ಕಿಲೋಗ್ರಾಂ ತೂಗುವುದು. ನಮ್ಮ ತೇಗವು ಅದರ ನಾಲ್ಕು ಪಟ್ಟು ಭಾರ.

ನಾನು ಕಟ್ಟುತ್ತಿರುವುದು ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು 1951ರಲ್ಲಿ ಮೊದಲು ಹಾರಿದ ಎಚ್‌ಟಿ-2 ವಿಮಾನದ ಪ್ರತಿರೂಪ. ಹದಿನಾರರಲ್ಲೊಂದು ಪಾಲಿನ ಅಳತೆ. ರೆಕ್ಕೆಯ ಹರಹು ಸುಮಾರು 26 ಅಂಗುಲ. ಹಾರಲು ಕಲಿಯುವವರಿಗೆ ಕಲಿಸುವುದೇ ಅದರ ಕಸುಬಾಗಿದ್ದಿತು. ಸ್ವವೃತ್ತಿಯದೆಂದು ಅದರಲ್ಲಿ ನನಗೆ ಸ್ವಲ್ಪ ಪಕ್ಷಪಾತ.

ಸಮತಲವಾದ ಹಲಗೆಯ ಮೇಲೆ ನಕ್ಷೆಯನ್ನು ಹಾಸಿ, ಅಂಟು ಹಿಡಿಯದಂತೆ ಮೇಣದ ಕಾಗದವನ್ನು ಹೊದಿಸಿ, ಕಡ್ಡಿಗಳನ್ನು ರೇಖೆಗಳ ಮೇಲಿಟ್ಟು, ಎರಡು ಬದಿಗೂ ಗುಂಡುಸೂಜಿಗಳನ್ನು ನೆಟ್ಟು ನಿಲ್ಲಿಸಬೇಕು. ಸೂಜಿಯು ಕಡ್ಡಿಯನ್ನೇ ತೂರಿದರೆ ಮುಂದೆ ಅಲ್ಲಿಯೇ ಮುರಿಯುವುದು. ಒಡಲಿನ ಒಂದು ಪಕ್ಕದ ಮೇಲೆಯೇ ಇನ್ನೊಂದನ್ನು ಕಟ್ಟಿದರೆ ಎರಡೂ ಅವಳಿಗಳಂತೆ ಬರುವುವು. ಅನಂತರ ಟಿಶ್ಯೂ ಕಾಗದವನ್ನು ಹೊದಿಸಿ ನೀರಿನ ತುಂತುರನ್ನು ಹಾಯಿಸಿದರೆ, ಒಣಗುವಾಗ ಅದು ಮೃದಂಗದ ಚರ್ಮದಂತೆ ಬಿಗಿಯುವುದು. ಆಗ ರೆಕ್ಕೆಯನ್ನು ಹಲಗೆಗೆ ಅದುಮಿಡದಿದ್ದರೆ ಸೊಟ್ಟಗಾಗುವುದು. ಎಲ್ಲಕ್ಕಿಂತಲೂ ಬಾಲವನ್ನು ಕಾಯಬೇಕು. ಅದು ಮೂಗಿಗಿಂತ ಬಹುದೂರ ಚಾಚಿರುವುದರಿಂದ, ಅಲ್ಲಿ ಒಂದು ಗ್ರಾಂ ಹೆಚ್ಚಿದರೆ ತೋಲನಕ್ಕಾಗಿ ಮೂಗಿಗೆ ಹಲವು ಗ್ರಾಂ ಜೇಡಿಯನ್ನು ಮೆತ್ತಬೇಕಾಗುವುದು.

ಪಾಠಶಾಲೆಯ ಸಹಾಧ್ಯಾಯಿಗಳೊಬ್ಬರು ಇದನ್ನು ಕಂಡು, "ಪರದೇಶದ ಮರವೇಕಯ್ಯಾ? ನಮ್ಮ ವೈಮಾನಿಕ ಶಾಸ್ತ್ರದ ಶಕುನವಿಮಾನವನ್ನೇ ಕಟ್ಟಬಾರದೆ?" ಎಂದರು. ಆನೇಕಲ್ಲಿನ ಸುಬ್ಬರಾಯಶಾಸ್ತ್ರಿಗಳು ಹೇಳಿ ಬರೆಸಿದ ಆ ಗ್ರಂಥವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು 1974ರಲ್ಲಿ ಪರಿಶೀಲಿಸಿ, ಅದು 20ನೆಯ ಶತಮಾನದ ರಚನೆಯೆಂದೂ ಅದರ ವಿಮಾನಗಳು ಹಾರಲಾರವೆಂದೂ ಪ್ರಕಟಿಸಿರುವರೆಂದು ನಾನು ತಿಳಿಸಿದೆನು. ಆ ಶ್ಲೋಕಗಳ ಭಾಷೆ ವೈದಿಕವಲ್ಲವೆಂಬುದು ಅವರಿಗೇನು ತಿಳಿಯದ ಸಂಗತಿಯಲ್ಲ. ಆದರೂ, "ಸಂಸ್ಕೃತದ ಅನ್ನವನ್ನು ಉಂಡ ನೀನೂ ಹೀಗೆನ್ನುವೆಯಾ?" ಎಂದು ಕಾಫಿಯನ್ನು ಮುಟ್ಟದೆ ಎದ್ದರು. ಆ ಅನ್ನವನ್ನು ಉಂಡುದರಿಂದಲೇ ಹೇಳಬೇಕಾಯಿತು. ಸಂಸ್ಕೃತದಲ್ಲಿರುವುದೆಲ್ಲವೂ ಪ್ರಾಚೀನವಲ್ಲವೆಂದು ನಾವಲ್ಲದೆ ಇನ್ನಾರು ಹೇಳಬೇಕು? ಪಾಣಿನಿಯ ಕೀರ್ತಿಗೆ ಇಂತಹ ಊರುಗೋಲು ಬೇಕಿಲ್ಲ. ಇಷ್ಟಾದರೂ, ನಲವತ್ತು ವರ್ಷಗಳ ಸ್ನೇಹವು ಎರಡು ತಿಂಗಳು ಮೌನವಾಗಿದ್ದುದು ನನಗೆ ಸುಲಭವಾಗಿರಲಿಲ್ಲ.

ಮೊನ್ನೆ ತಾವಾಗಿಯೇ ಬಂದರು. ಗ್ರಂಥದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕಾಗದ ಹೊದಿಸದ ರೆಕ್ಕೆಯನ್ನು ಅವರ ಅಂಗೈಯ ಮೇಲಿಟ್ಟೆನು. ಉಸಿರು ತಗುಲಿ ಅದು ಕದಲಿತು. ಬಹಳ ಹೊತ್ತು ನೋಡುತ್ತಿದ್ದು, ಮೇಜಿನ ಮೇಲಿದ್ದ ಬಾಲವನ್ನೂ ಎತ್ತಿ ತೂಗಿ ನೋಡಿ, "ಇದನ್ನು ಇನ್ನೂ ಸ್ವಲ್ಪ ಉಜ್ಜಬಹುದಲ್ಲವೇನಯ್ಯಾ?" ಎಂದರು. ಮರಳುಕಾಗದವನ್ನು ಅವರ ಕೈಗೇ ಕೊಟ್ಟೆನು.